ಹಂಗ ಒಯ್ಯಿ ಅಂದ ಮೂರು ರೂಪಾಯಿ

ಆ ಕೆಲಸಕ್ಕೆ ನನಗೆ ತಗುಲಿದ ಖರ್ಚು ಲಿಂಬೆಹಣ್ಣಿನಷ್ಟು ಹುಣಸೆ, ಒಂದು ಚಿಟಿಕೆ ಉಪ್ಪು, ಒಲೆಯ ಒಂದು ಹಿಡಿ ಬೂದಿ. ಕುಡಚಿಯ ಗಡಿಯಾರದ ಚಾಚಾನಿಗೆ ತಗುಲಿದ್ದು ಒಂದು ಕಣ್ಣು. ಅದೂ ಬಲಗಣ್ಣು, ಕೈಗಡಿಯಾರ ಬಿಚ್ಚುವಾಗ ಅವನು ಭಿಂಗ, ಅಂದರೆ ಭೂತಗನ್ನಡಿ, ಸಿಕ್ಕಿಸಿಕೊಳ್ಳುತ್ತಿದ್ದ ಕಣ್ಣು. ಇಷ್ಟು ಅಗ್ಗದ ಕೆಲಸ ಇಷ್ಟು ತುಟ್ಟಿಯಾದದ್ದು ಯಾಕೆಂದರೆ, ನಾನು ವ್ಯಾಪಾರದಲ್ಲಿ ಬಹಳ ಶಾಣ್ಯಾ ಎಂದು ನಾಲ್ಕು ತಾಲೂಕಿನಲ್ಲಿ ಹೆಸರಾಗಿತ್ತು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ನಾನೇ.

ಈಗಲೂ ಯಾರಾದರೂ ಚಿಕ್ಕೋಡಿಯ ನನ್ನ ಅಂಗಡಿಗೆ ಬಂದು, ‘ಅಣ್ಣಾವ್ರ, ಹಳೇ ನಾಣ್ಯ ತಗೊಂಡಿಟ್ರ ಮುಂದ ಭಾಳ ಏರತಾವಂತಲ್ರಿ?’ ಎಂದು ಕೇಳಿದರೆ ನನ್ನ ಮೈ ಉರಿಯುತ್ತದೆ. ಕೇಳಿದವನ ಮೇಲೆ ಅಲ್ಲ. ಆ ಪ್ರಶ್ನೆಯನ್ನು ಮೊದಲು ಈ ಭಾಗದಲ್ಲಿ ಮನೆಮನೆಗೆ ಹಂಚಿದವರಲ್ಲಿ ನಾನೂ ಒಬ್ಬ.

ನಾನು ಕಬ್ಬೂರಿನವನು. ಏಳನೇ ಇಯತ್ತೆಗೆ ಸಾಲೆ ಬಿಟ್ಟೆ. ಎಂಬತ್ತರ ದಶಕ ಶುರುವಾದಾಗ ನನ್ನ ಹತ್ತಿರ ಇದ್ದದ್ದು ಒಂದು ಸೈಕಲ್, ಅದರ ಕ್ಯಾರಿಯರ್‌ಗೆ ಕಟ್ಟಿದ ಸ್ಟೀಲ್ ಬಾಂಡೆ, ಒಂದು ತಕ್ಕಡಿ, ಮತ್ತು ಗಂಟಲು. ‘ಹಳೇ ಹಿತ್ತಾಳಿ ಕೊಡ್ರೀ, ಹೊಸಾ ಸ್ಟೀಲ ತಗೋರೀ’ ಎಂದು ಕೂಗುತ್ತ ರಾಯಬಾಗದಿಂದ ಕುಡಚಿ, ಹೊಳೆ ದಾಟಿ ಅಥಣಿ, ಐಗಳಿ, ಆ ಕಡೆ ಕಾಗವಾಡದವರೆಗೆ ತಿರುಗುತ್ತಿದ್ದೆ. ಆಗ ಮನೆಮನೆಯ ಹೆಣ್ಣುಮಕ್ಕಳಿಗೆ ಹಿತ್ತಾಳೆ ತಿಕ್ಕಿ ತಿಕ್ಕಿ ಸಾಕಾಗಿತ್ತು. ಅಜ್ಜಿಯ ಕಾಲದ ಹಂಡೆ ಕೊಟ್ಟು ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡು, ಗೆದ್ದೆವೆಂದು ನಗುತ್ತಿದ್ದರು. ನಾನು ಕಪ್ಪಾದ ಹಂಡೆಯನ್ನು ಮನೆಗೆ ತಂದು ಹುಣಸೆ, ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ನಿಪ್ಪಾಣಿಯ ಅಂಗಡಿಗಳಿಗೆ ಹಾಕುತ್ತಿದ್ದೆ. ಕೊಳ್ಳುವಾಗ ತೂಕದ ಲೆಕ್ಕ, ಮಾರುವಾಗ ನಗದ ಲೆಕ್ಕ, ಅಂದರೆ ಒಂದೊಂದಕ್ಕೆ ಇಷ್ಟು ಎಂದು. ಆ ಎರಡು ಲೆಕ್ಕದ ನಡುವೆ ಇದ್ದದ್ದು ಹುಣಸೆಹಣ್ಣು. ನನ್ನ ಮನೆಯ ಗೋಡೆ, ಅಂಗಡಿಯ ತಗಡು, ಎಲ್ಲ ಅದರಿಂದಲೇ ಎದ್ದದ್ದು.

ಹಂಡೆಗಳ ತಳದಲ್ಲಿ ನಾಣ್ಯ ಬರುತ್ತಿದ್ದವು. ತಾಮ್ರದ ಶಿವರಾಯಿ, ತೂತಿನ ಪೈಸೆ, ಒಮ್ಮೊಮ್ಮೆ ನಮ್ಮ ಕಡೆ ಬಂದಾ ರೂಪಾಯಿ ಎನ್ನುವ ಬೆಳ್ಳಿಯ ಇಡೀ ರೂಪಾಯಿ. ಐಗಳಿಯ ಒಬ್ಬ ಮುದುಕಿ ಒಂದು ಸೇರು ತುಂಬ ಶಿವರಾಯಿ ಸುರಿದಿದ್ದಳು.

‘ಇವಕ್ಕ ಬ್ಯಾರೆ ಬೆಲಿ ಇಲ್ಲೇನೋ ಯಪ್ಪಾ?’

‘ನಡಿಯೂದಿಲ್ಲ ಆಯೀ ಇವು. ಬಜಾರದಾಗ ಯಾರೂ ಮುಟ್ಟಂಗಿಲ್ಲ. ತಾಮ್ರಾ ಅಂತ ತಗೋತೀನಿ, ನಿಮ್ಮ ಮಾರಿ ನೋಡಿ.’

ಅವಳ ಮುಖ ನೋಡಿ! ತಕ್ಕಡಿಯ ಮುಳ್ಳು ಬಿಟ್ಟು ನಾನು ಆ ದಿನ ಏನನ್ನೂ ನೋಡಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ನನಗೆ ವಾಪಸ್ ಬರುತ್ತದೆ.

ಚಾಚಾನ ಅಂಗಡಿ ಕುಡಚಿ ಸ್ಟೇಶನ್ ರಸ್ತೆಯಲ್ಲಿತ್ತು. ಅಂಗಡಿ ಎಂದರೆ ಒಬ್ಬ ಮನುಷ್ಯ ಮಡಚಿ ಕೂರುವಷ್ಟು ಒಂದು ಕಟ್ಟಿಗೆಯ ಪೆಟ್ಟಿಗೆ, ಮುಂದೊಂದು ಗಾಜಿನ ಮೇಜು. ನನ್ನ ಕೈಗಡಿಯಾರ ನಿಂತುಹೋಗಿತ್ತೆಂದು ಹೋದೆ. ರಿಪೇರಿಯ ದುಡ್ಡು ಕೊಡುವಾಗ ಜೇಬಿನಿಂದ ಚಿಲ್ಲರೆಯ ಜೊತೆ ಒಂದು ಬೆಳ್ಳಿ ರೂಪಾಯಿ ಬಂತು. ಹಿಂದಿನ ದಿನವಷ್ಟೇ ತಿಕ್ಕಿದ್ದೆ, ಕನ್ನಡಿಯಂತಿತ್ತು. ಅವನು ಭಿಂಗ ಕಣ್ಣಿಗೇರಿಸಿ ನೋಡಿದ.

‘ಯಾರು ತೊಳದಾರ ಇದನ್ನ?’

‘ನಾನ ರೀ. ಹೆಂಗ ಹೊಳೀತೈತಿ ನೋಡ್ರಿ. ಬೇಕಾದ್ರ ನಲವತ್ತಕ್ಕ ಕೊಡ್ತೀನಿ.’

‘ಹೊಳೀತೈತಿ. ಖರೆ. ಆದ್ರ ಇದರ ಮಾರಿನ ಹೋಗೇತಲ್ಲೋ. ನೂರು ವರ್ಷ ಕುಂತು ಹಚ್ಚಿಕೊಂಡ ಬಣ್ಣಾ ನೀ ಒಂದ ಮುಂಜಾನ್ಯಾಗ ಕೆರದ ಒಗದಿ. ಇನ್ನ ಮ್ಯಾಲ ತೊಳೀಬ್ಯಾಡ ತಮ್ಮಾ. ಹೊಲಸ ಇದ್ದದ್ದ ತಂದರ ನಾ ತಗೋತೀನಿ.’

ನನಗೆ ನಗು ಬಂತು. ಮೂವತ್ತು ವರ್ಷ ಗಡಿಯಾರ ಬಿಚ್ಚಿದವನು ನನಗೆ ಸತ್ಯ ಹೇಳಿದ್ದ. ನಾನು ಕೇಳಿಸಿಕೊಂಡದ್ದು ಬೇರೆ: ಮುದುಕ ಬೆಲೆ ಇಳಿಸಲು ಐಬು ಎತ್ತುತ್ತಿದ್ದಾನೆ! ನಾನೂ ದಿನಾಲೂ ಅದನ್ನೇ ಮಾಡುತ್ತಿದ್ದೆನಲ್ಲ. ‘ಹಂಡೇದ ಬುಡಾ ಸೀಳೇತಿ ಅಕ್ಕಾ’, ‘ಈ ತಾಟು ಬೆಸಗಿ ಹಾಕಿದ್ದೈತಿ’ ಎಂದು ಸುಳ್ಳು ಹೇಳಿ ಕಾಲು ಕಿಲೋ ಇಳಿಸುವವನ ಕಿವಿಗೆ ಬೇರೆಯವರ ನಿಜವೂ ಚೌಕಾಸಿಯಾಗಿಯೇ ಬೀಳುತ್ತದೆ. ನಮ್ಮ ಧಂದೆಯವರಿಗೆ ಅಂಟುವ ರೋಗ ಇದು. ನನಗೆ ಅಂಟಿ ಎಷ್ಟು ವರ್ಷವಾಗಿತ್ತೆಂದರೆ ಅದನ್ನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ಆದರೂ ಆ ಪೆಟ್ಟಿಗೆ ಅಂಗಡಿಗೆ ಹೋಗುವ ರೂಢಿ ಬಿತ್ತು. ತಿಂಗಳಿಗೆ ಒಂದೆರಡು ಸಲ ಕುಡಚಿಗೆ ಬಂದಾಗ ಸೈಕಲ್ ಅಲ್ಲೇ ಒರಗಿಸುತ್ತಿದ್ದೆ. ನನಗೆ ಅವನು ಚಾಚಾ, ಅವನಿಗೆ ನಾನು ಬಾಂಡೇವಾಲಾ. ಗಡಿಯಾರದ ಬಿಡಿಭಾಗ ಬರುವ ಚಪ್ಪಟೆ ತಗಡಿನ ಡಬ್ಬಿಯಲ್ಲಿ ಅವನು ನಾಣ್ಯ ಇಟ್ಟಿದ್ದ. ನಲವತ್ತೋ ನಲವತ್ತೆರಡೋ, ಅಷ್ಟೇ. ಒಂದೊಂದಕ್ಕೂ ಒಂದು ಪುಟ್ಟ ಕಾಗದದ ಪುಡಿಕೆ, ಪುಡಿಕೆಯ ಮೇಲೆ ಉರ್ದುವಿನಲ್ಲಿ ಏನೋ ಬರೆದದ್ದು. ಯಾವ ಊರಲ್ಲಿ, ಯಾರ ಕೈಯಿಂದ, ಆ ದಿನ ಅವರು ಹೇಳಿದ ಕತೆ ಏನು, ಎಲ್ಲ ಅದರಲ್ಲಿತ್ತು.

ಅದರಲ್ಲಿ ಮೂರು ಬೆಳ್ಳಿ ರೂಪಾಯಿಗಳನ್ನು ಅವನು ಬೇರೆ ಇಡುತ್ತಿದ್ದ. ಯಂತ್ರದ ನಾಣ್ಯವಲ್ಲ, ಕೈಯಿಂದ ಹೊಡೆದದ್ದು, ದಪ್ಪ, ಸೊಟ್ಟ. ಅಚ್ಚು ದೊಡ್ಡದು, ನಾಣ್ಯ ಸಣ್ಣದು, ಹಾಗಾಗಿ ಬರಹ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಹೊಡೆದ ಊರಿನ ಹೆಸರು ಆ ಅಂಚಿನಲ್ಲೇ ಇರುತ್ತದಂತೆ.

‘ಇಲ್ಲಿ ನೋಡ, ಒಂದ ಅಕ್ಷರದ ಬಾಲಾ ಕಾಣತೈತಿ. ನಮ್ಮ ಕಡೀ ಟಂಕಸಾಲೀದ ಅಂತ ನನ್ನ ಮನಸ ಹೇಳತೈತಿ. ಆದ್ರ ಆ ಬಾಲಾ ಯಾವ ಅಕ್ಷರದ್ದು? ಹನ್ನೆರಡ ವರ್ಷ ಆತು, ಅದರ ಬೆನ್ನ ಹತ್ತೀನಿ.’

‘ಹನ್ನೆರಡ ವರ್ಷದಾಗ ಬೆಲಿ ಎಷ್ಟ ಏರೇತ್ರಿ ಚಾಚಾ?’

‘ನಿಂಗ ಬರೇ ಅದ ಚಿಂತಿ. ನಿನ್ನ ಹೆಂಡ್ತಿ ಲಗ್ನ ಆದ ಮ್ಯಾಲ ಎಷ್ಟ ಏರ್ಯಾಳಂತ ಕೇಳ್ತೀಯೇನ ಮನ್ಯಾಗ?’

‘ಕೇಳಿದ್ರ ಲಟ್ಟಣಿಗಿ ಬರತೈತ್ರಿ.’

‘ಮತ್ತ? ಇದು ಶೌಕ್ ಐತೋ ಬಾಂಡೇವಾಲೇ, ಮನಸಿನ ಖುಷಿ. ಶೌಕಿನ ಸಾಮಾನಕ್ಕ ಬೆಲಿ ಕೇಳಿದ್ರ ಅದಕ್ಕೂ ಸಿಟ್ಟ ಬರತೈತಿ.’

ನಾನು ನಕ್ಕೆ. ಒಳಗೊಳಗೆ ಮುದುಕನಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡೆ.

ತೊಂಬತ್ತರ ಆಚೀಚೆ ನಿಪ್ಪಾಣಿಯಲ್ಲಿ ಹೊಸ ಹುಚ್ಚು ಎದ್ದಿತು. ತಂಬಾಕಿನ ಹಂಗಾಮು ಮುಗಿದಾಗ ಕೈಯಲ್ಲಿ ರೊಕ್ಕ ಆಡುವ ಊರು. ಯಾರೋ ಪುಣೆಯಿಂದ ಬಂದವರು ಹೇಳಿದರಂತೆ, ಹಳೇ ನಾಣ್ಯ ಬಂಗಾರಕ್ಕಿಂತ ಜೋರು ಏರುತ್ತದೆ ಎಂದು. ಅಷ್ಟೇ ಸಾಕಾಯಿತು. ಶಿವರಾಯಿ ಯಾವುದು, ತೂತಿನ ಪೈಸೆ ಯಾವುದು ತಿಳಿಯದವರೆಲ್ಲ ಡಜನ್ ಲೆಕ್ಕದಲ್ಲಿ ಕೇಳತೊಡಗಿದರು. ನನಗೆ ಮತ್ತೇನು ಬೇಕು? ಮೂಟೆಯಲ್ಲಿದ್ದ ನಾಣ್ಯವನ್ನೆಲ್ಲ ಹುಣಸೆಗೆ ಹಾಕಿದೆ. ಒಬ್ಬ ತಂಬಾಕಿನ ಸಾವ್ಕಾರ ನನ್ನ ದೊಡ್ಡ ಗಿರಾಕಿ. ಮಖಮಲ್ಲಿನ ಮೇಲೆ ಸುರಿದರೆ ಅವನ ಮುಖವೇ ಹೊಳೆಯುತ್ತಿತ್ತು. ‘ಛಲೋ ಚಕಚಕಾ ಐತಿ ಬಿಡೋ’ ಎಂದು ಒಂದನ್ನೂ ಹಿಂದೆ ಮುಂದೆ ತಿರುಗಿಸಿ ನೋಡದೆ ಕೊಳ್ಳುತ್ತಿದ್ದ. ಹೊಳೆಯದ ನಾಣ್ಯ ತೋರಿಸಿದರೆ ಮೂಗು ಮುರಿಯುತ್ತಿದ್ದ. ಚಾಚಾ ಹೇಳಿದ್ದು ಸುಳ್ಳು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದುಕೊಂಡೆ. ಗಳಿಸಿದ್ದರಲ್ಲಿ ಅರ್ಧಕ್ಕೆ ಮತ್ತೆ ನಾಣ್ಯ ಕೊಂಡು, ತಿಕ್ಕಿ, ನನಗೇ ಇಟ್ಟುಕೊಂಡೆ. ಏರಲಿ ಎಂದು.

ಚಾಚಾನ ಕಣ್ಣಿಗೆ ಪೊರೆ ಬಂದದ್ದು ಆ ದಿನಗಳಲ್ಲಿ. ಮೊದಲು ಸ್ಕ್ರೂ ಕಾಣದಾಯಿತು, ಆಮೇಲೆ ಮುಳ್ಳು. ಎಷ್ಟೋ ದಿನ ಕಿವಿಯಿಂದಲೇ ಗಡಿಯಾರ ರಿಪೇರಿ ಮಾಡಿದ. ಮಿರಜಿನ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಬೇಗ ಆಪರೇಶನ್ ಮಾಡಿಸಬೇಕು, ಬಲಗಣ್ಣಿನ ಪೊರೆ ಹಣ್ಣಾಗಿದೆ, ತಿಂಗಳೊಪ್ಪತ್ತು ತಡೆದೀತು, ಅದಕ್ಕಿಂತ ಹೆಚ್ಚು ಬೇಡ ಎಂದರು. ಪುಕ್ಕಟೆ ಶಿಬಿರಗಳೂ ಇದ್ದವು. ಆದರೆ ಆಗ ಶಿಬಿರದಲ್ಲಿ ಪೊರೆ ತೆಗೆದು ದಪ್ಪ ಚಸ್ಮಾ ಕೊಟ್ಟು ಕಳಿಸುತ್ತಿದ್ದರು. ದಪ್ಪ ಚಸ್ಮಾದ ಮೇಲೆ ಭಿಂಗ ಕೂರುವುದಿಲ್ಲ. ಭಿಂಗ ಕೂರದಿದ್ದರೆ ಅವನಿಗೆ ಕೈಕೆಲಸವಿಲ್ಲ. ಕಣ್ಣಿನೊಳಗೇ ಮಸೂರ ಕೂರಿಸುವುದಕ್ಕೆ ಎರಡೂ ಕಣ್ಣು ಸೇರಿ ಎಂಟು ಸಾವಿರ ಬೇಕಿತ್ತು.

ನಾನೇ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಕೈಯಲ್ಲಿ ರೊಕ್ಕ ಇರಲಿಲ್ಲ, ಎಲ್ಲ ಆ ಹೊಳೆಯುವ ಬಿಲ್ಲೆಗಳಲ್ಲಿ ಕೂತಿತ್ತು. ಅವನ್ನು ಆಗಲೇ ಮಾರಿದರೆ ಮುಂದಿನ ಏರಿಕೆ ತಪ್ಪುತ್ತದೆಂದು ನಾನು ಬಾಯಿಯನ್ನೇ ತೆರೆಯಲಿಲ್ಲ.

ಬದಲಿಗೆ ಹೇಳಿದ್ದು ಇದು: ‘ಚಾಚಾ, ಆ ಮೂರು ರೂಪಾಯಿ ಮಾರ್ರಿ. ನಿಪ್ಪಾಣಿಗೆ ಪುಣೇದಾಂವ ಬರತಾನ, ತಿಳದಾಂವ ಅದಾನ.’

ಅವನು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ. ಆಮೇಲೆ ಡಬ್ಬಿ ತೆಗೆದು, ನೋಡದೆ, ಬೆರಳಿನಿಂದಲೇ ಹುಡುಕಿ ಮೂರು ಪುಡಿಕೆ ಎತ್ತಿದ.

‘ಎಂಟು ಸಾವಿರ ನನಗ. ಮ್ಯಾಲ ಬಂದದ್ದ ನಿಂದು. ನೀ ಪುಕ್ಕಟೆ ಓಡ್ಯಾಡಬ್ಯಾಡ.’

‘ತಗೊಂಡೀನಂತ ಚೀಟಿ ಬರಕೊಡ್ಲ್ಯಾ?’

‘ಚೀಟಿ ಯಾಕ? ಹಂಗ ಒಯ್ಯಿ.’

ಹಂಗ ಒಯ್ಯಿ. ನನಗೆ ಕೇಳಿಸಿದ್ದು ಚೀಟಿ ಬೇಡ, ನಿನ್ನ ಮೇಲೆ ಭರವಸೆ ಇದೆ ಎಂದು. ಎದೆ ಉಬ್ಬಿತು. ಅವನು ಹೇಳಿದ್ದರಲ್ಲಿ ಇನ್ನೂ ಒಂದು ಮಾತಿತ್ತು: ಹ್ಯಾಂಗೈತಿ ಹಂಗ ಒಯ್ಯಿ. ಇದ್ದಂತೆ ಒಯ್ಯಿ. ಒಂದೇ ಮಾತಿನ ಅರ್ಧ ಕೇಳಿಸಿಕೊಂಡು ಅರ್ಧ ಬಿಟ್ಟೆ. ಬಿಟ್ಟದ್ದು ನನ್ನ ಹೊಗಳಿಕೆ ಇಲ್ಲದ ಅರ್ಧ.

ಪುಣೆಯವನು ನಿಪ್ಪಾಣಿ ಬಸ್ ಸ್ಟ್ಯಾಂಡ್ ಹತ್ತಿರದ ಲಾಜಿನಲ್ಲಿ ಮಹಡಿಯ ಮೇಲೆ ಇಳಿಯುತ್ತಿದ್ದ. ಸಣಕಲು ಆಳು, ಕಾಟಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತಿದ್ದ. ಪುಡಿಕೆ ಬಿಚ್ಚಿದ. ನಾಣ್ಯದ ಮುಖ ಮುಟ್ಟಲಿಲ್ಲ, ಅಂಚು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದ. ಮೂರನೆಯದನ್ನು ನೋಡುವಾಗ ಅವನ ಕಾಲಿನ ಹೆಬ್ಬೆರಳು ಅಲುಗಿತು. ನಾನು ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ಮುಖ ಎಲ್ಲರೂ ಕಾಯುತ್ತಾರೆ, ಕಾಲು ಯಾರೂ ಕಾಯುವುದಿಲ್ಲ.

‘ತಿನ್ಹೀ ಮಿಳೂನ ನವೂ ಹಜಾರ,’ ಎಂದ. ಮೂರೂ ಸೇರಿ ಒಂಬತ್ತು ಸಾವಿರ.

ಚಾಚಾನ ಎರಡು ಕಣ್ಣು ಬಂದವು. ನನಗೆ ಮೇಲೊಂದು ಸಾವಿರ ಬಂತು. ಅಲ್ಲಿಗೆ ಕೈಯೊಡ್ಡಿ ರೊಕ್ಕ ತೆಗೆದುಕೊಂಡು ಮರುದಿನ ಮುಂಜಾನೆ ಮಿರಜಿನ ಗಾಡಿ ಹತ್ತಿಸಿದ್ದರೆ ಈ ಬರಹ ಬರೆಯುವ ಗರಜೇ ಇರಲಿಲ್ಲ.

‘ಚೌದಾ,’ ಎಂದೆ. ಹದಿನಾಲ್ಕು. ಆ ಹೆಬ್ಬೆರಳು ಹದಿನಾಲ್ಕಾದರೂ ಕೊಡುತ್ತದೆ ಎಂದು ನನ್ನ ಲೆಕ್ಕ. ಎಂಟು ಚಾಚಾನಿಗೆ, ಆರು ನನಗೆ.

ಅವನು ನಕ್ಕು ಪುಡಿಕೆ ಕಟ್ಟಿ ಕೊಟ್ಟ. ‘ಮುಂದಿನ ತಿಂಗಳು ಬರುತ್ತೇನೆ, ಯೋಚನೆ ಮಾಡು’ ಎಂದು ಮರಾಠಿಯಲ್ಲಿ ಹೇಳಿದ. ಡಾಕ್ಟರು ಒಂದು ತಿಂಗಳು ತಡೆದೀತು ಎಂದಿದ್ದರಲ್ಲ, ನನಗೆ ಅದೂ ಲೆಕ್ಕಕ್ಕೆ ಸರಿ ಬಂತು. ಗಿರಾಕಿ ಬೆಲೆ ಏರಿಸದಿದ್ದರೆ ಮಾಲಿನ ಅಂದ ಏರಿಸಬೇಕು. ನನಗೆ ಗೊತ್ತಿದ್ದ ವಿದ್ಯೆ ಒಂದೇ.

ರವಿವಾರ ಹಿತ್ತಿಲಲ್ಲಿ ಕೂತು ಹುಣಸೆ ಕಿವುಚಿದೆ. ಬೂದಿ ಹಾಕಿದೆ. ಸಂದಿಯಲ್ಲಿ ಕಪ್ಪು ಹೋಗದ್ದಕ್ಕೆ ಇಟ್ಟಂಗಿ ಪುಡಿ, ತಂತಿಯ ಬ್ರಶ್. ಅಂಚಿನ ಆ ಅಕ್ಷರದ ಬಾಲದಲ್ಲಿ ಹಳೆಯ ಕೊಳೆ ಕಲ್ಲಿನಂತೆ ಕೂತಿತ್ತು. ಗಿರಾಕಿಗೆ ಅಕ್ಷರ ಸ್ವಚ್ಛ ಕಾಣಲಿ ಎಂದು ದಬ್ಬಣ ತಂದು ಕೆರೆದೆ. ನನ್ನ ಹೆಂಡತಿ ಬಾಂಡೆ ತೊಳೆಯುತ್ತ ನೋಡುತ್ತಿದ್ದಳು.

‘ಅವು ಚಾಚಾರವು ಅಲ್ಲೇನ್ರಿ? ಅವರನ್ನ ಕೇಳಿ ತಿಕ್ಕಾಕತ್ತೀರೇನು?’

‘ಏನ ಕೇಳೋದೈತಿ? ಮಾರಿ ತೊಳೀದನ ಯಾರರ ಹೆಣ್ಣ ತೋರಸತಾರೇನ?’

‘ಹೆಣ್ಣಿನ ಮಾರಿ ದಬ್ಬಣದಿಂದ ಯಾರೂ ಕೆರಿಯಂಗಿಲ್ರಿ,’ ಎಂದಳು.

ಒಂದು ತಿಂಗಳ ಮೇಲೆ ಮತ್ತೆ ಅದೇ ಮಹಡಿ, ಅದೇ ಬಿಳಿ ಬಟ್ಟೆ. ನಾನೇ ಪುಡಿಕೆ ಬಿಚ್ಚಿದೆ. ಮೂರೂ ಬೆಳಕು ಚೆಲ್ಲಿದವು. ಪುಣೆಯವನು ಅಂಚು ಹಿಡಿದು ಎತ್ತಲಿಲ್ಲ. ಎರಡು ಬೆರಳಿನಿಂದ ಮುಖವನ್ನೇ ಹಿಡಿದು ಎತ್ತಿದ. ಆಗಲೇ ನನಗೆ ತಿಳಿಯಬೇಕಿತ್ತು.

‘ಕುಣೀ ಧುತಲ ಹೇ?’ ಎಂದ. ಯಾರು ತೊಳೆದರು ಇದನ್ನು? ಹತ್ತು ವರ್ಷದ ಹಿಂದೆ ಕುಡಚಿಯಲ್ಲಿ ಕೇಳಿದ ಪ್ರಶ್ನೆ, ಭಾಷೆ ಮಾತ್ರ ಬೇರೆ. ಆಮೇಲೆ ಭಿಂಗ ತೆಗೆದು ಅಂಚು ನೋಡಿದ, ನನಗೂ ತೋರಿಸಿದ. ಅಕ್ಷರದ ಬಾಲ ಇದ್ದಲ್ಲಿ ದಬ್ಬಣದ ನಾಲ್ಕು ಗೀರು. ಹೊಡೆದ ಊರು ಯಾವುದು ಎನ್ನಲು ಇದ್ದದ್ದು ಅದೊಂದೇ ಗುರುತು, ಬೆಲೆ ಇದ್ದದ್ದೂ ಅದಕ್ಕೇ, ಈಗ ಇದು ಬರೀ ಬೆಳ್ಳಿ ಎಂದ. ಮೂರಕ್ಕೂ ಸೇರಿ ಐದುನೂರು ಕೊಡುತ್ತೇನೆ, ಅದೂ ನೀನು ದೂರದಿಂದ ಬಂದಿದ್ದೀಯ ಎಂದು.

ನಿಮ್ಮ ಮಾರಿ ನೋಡಿ ಎಂದ ಹಾಗೆ!

ನಾನು ನಕ್ಕೆ. ದೇವರಾಣೆ, ಆಗಲೂ ನಕ್ಕೆ. ಎಂಥಾ ಆಟ ಕಟ್ಟುತ್ತಾನೆ ನೋಡು ಎಂದುಕೊಂಡು ಪುಡಿಕೆ ಕಟ್ಟಿ ಎದ್ದೆ. ವ್ಯಾಪಾರದಲ್ಲಿ ಎದ್ದು ಹೋಗುವುದೇ ಕೊನೆಯ ಅಸ್ತ್ರ. ಅದನ್ನು ನನ್ನಷ್ಟು ಚೆಂದ ಬಳಸಿದವರು ಈ ಭಾಗದಲ್ಲಿ ಇಲ್ಲ. ನಿಧಾನ ಎದ್ದು, ನಿಧಾನ ಚಪ್ಪಲಿ ಮೆಟ್ಟಿ, ಮೆಟ್ಟಿಲ ತಿರುವಿನಲ್ಲಿ ಬೀಡಿ ಹೊತ್ತಿಸುವ ನೆಪದಲ್ಲಿ ನಿಂತರೆ ಮೇಲಿನಿಂದ ಕೂಗು ಬಂದೇ ಬರುತ್ತದೆ. ನಿಂತೆ. ಬೀಡಿ ಹೊತ್ತಿಸಿದೆ. ಅರ್ಧ ಸೇದಿದೆ. ಮೇಲೆ ಅವನು ಬೇರೊಬ್ಬನನ್ನು ‘ಯಾ, ಬಸಾ’ ಎಂದು ಒಳಗೆ ಕರೆದು ಕೂರಿಸಿದ್ದು ಕೇಳಿಸಿತು. ಬೀಡಿ ಬೆರಳು ಸುಟ್ಟಿತು. ಕೂಗು ಬರಲಿಲ್ಲ.

ಅವನು ಮೋಸಗಾರನಾಗಿದ್ದರೆ ನನಗೆ ಎಷ್ಟು ನೆಮ್ಮದಿಯಿರುತ್ತಿತ್ತು! ಅವನನ್ನು ಬೈದುಕೊಂಡು ಬದುಕಿಬಿಡುತ್ತಿದ್ದೆ. ಆ ಹಾಳಾದವನು ಪ್ರಾಮಾಣಿಕ.

ಆಮೇಲಿನ ಎರಡು ತಿಂಗಳನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಸಾಂಗಲಿಗೆ ಹೋದೆ, ಅಲ್ಲೊಬ್ಬ ಅದನ್ನೇ ಹೇಳಿದ. ಅಥಣಿಯ ಪತ್ತಾರ, ಬೆಳ್ಳಿ ಬಂಗಾರದ ಕೆಲಸದವನು, ನೇರ ತಕ್ಕಡಿ ತೆಗೆದ. ನಾನು ಒಪ್ಪಲಿಲ್ಲ. ಎಲ್ಲರೂ ಕೂಡಿ ಬೆಲೆ ಇಳಿಸುತ್ತಿದ್ದಾರೆ ಎಂದೇ ಹೇಳಿಕೊಂಡೆ, ಯಾಕೆಂದರೆ ಇಲ್ಲ ಎಂದು ಒಪ್ಪಿದರೆ ಕುಡಚಿಗೆ ಹೋಗಬೇಕಿತ್ತು. ನಡುವೆ ಒಮ್ಮೆ ಹೋದೆ, ಅಂಗಡಿಯ ಮುಂದೆ ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ನಿಂತೆ.

‘ಇನ್ನ ಸಲ್ಪ ತಡೀರಿ ಚಾಚಾ. ಬೆಲಿ ಏರಾಕತ್ತೈತಿ.’

‘ಕಣ್ಣಿನ ಪೊರೀನೂ ಏರಾಕತ್ತೈತಿ ತಮ್ಮಾ,’ ಎಂದ. ನಗುತ್ತಲೇ ಹೇಳಿದ. ‘ನಿನ್ನ ದನಿ ಕೇಳಿ ನೀ ಅಂತ ತಿಳೀತು, ಮಾರಿ ಕಾಣವಲ್ದು. ಇಳದ ಹತ್ರ ಬಾರಲಾ.’

‘ಮುಂದಿನ ವಾರ ಬರ್ತೀನ್ರಿ,’ ಎಂದು ಪೆಡಲ್ ತುಳಿದೆ.

ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಚಿಕ್ಕೋಡಿಯ ಸಂತೆಗೆ ಬಂದ ಕುಡಚಿಯ ಹಣ್ಣಿನ ವ್ಯಾಪಾರಿಯೊಬ್ಬ ಹೇಳಿದ, ಗಡಿಯಾರದ ಚಾಚಾಗೆ ಕಣ್ಣು ನೋವು ತಲೆಗೇರಿ ವಾಂತಿಯಾಯಿತಂತೆ, ಮಿರಜಿಗೆ ಒಯ್ದಿದ್ದರಂತೆ, ಪೊರೆ ಉಬ್ಬಿ ಕಣ್ಣಿನೊಳಗೆ ಒತ್ತಡ ಏರಿ ಬಲಗಣ್ಣಿನ ನರ ಸತ್ತುಹೋಯಿತಂತೆ. ಇನ್ನು ಆ ಕಣ್ಣಿಗೆ ಏನು ಕೂರಿಸಿದರೂ ಉಪಯೋಗವಿಲ್ಲವಂತೆ.

ಆ ದಿನ ಹೋದೆ. ಅಂಗಡಿ ತೆರೆದಿತ್ತು. ಮೇಜಿನ ಮೇಲೆ ಒಂದೂ ಗಡಿಯಾರ ಇರಲಿಲ್ಲ. ಬಲಗಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದ. ನಾನು ಮೂರು ರೂಪಾಯಿ ಅವನ ಅಂಗೈಯಲ್ಲಿಟ್ಟೆ. ಅವನು ಹೆಬ್ಬೆರಳು ಆಡಿಸಿದ. ಒಮ್ಮೆ ಆಡಿಸಿದ, ಮತ್ತೆ ಆಡಿಸಿದ. ಅಂಚಿಗೆ ಉಗುರು ಹೋಯಿತು, ದಬ್ಬಣದ ಗೀರಿನಲ್ಲಿ ಸಿಕ್ಕಿ ನಿಂತಿತು.

‘ತೊಳದ್ಯಾ?’

‘ಹೂಂ ರೀ.’

‘ನಾ ಹಂಗ ಒಯ್ಯಿ ಅಂದಿದ್ನಲ್ಲೋ.’

ಮೊದಲ ಬಾರಿ ಒಂಬತ್ತು ಸಾವಿರ ಬಂದಿತ್ತು ಎಂಬುದನ್ನೂ ಹೇಳಿದೆ. ಹೇಳದೆ ಇರಬಹುದಿತ್ತು, ಅವನಿಗೆ ತಿಳಿಯುತ್ತಿರಲಿಲ್ಲ. ನನ್ನ ಜೀವನದ ಒಂದೇ ಒಂದು ಸರಿಯಾದ ತೂಕ ಅದು ಎಂದು ಕಾಣುತ್ತದೆ.

‘ನಿಂದೇನ ತಪ್ಪಿಲ್ಲ ಅಂತ ನಾ ಅನ್ನಂಗಿಲ್ಲ,’ ಎಂದ ಚಾಚಾ. ‘ಐತಿ ತಪ್ಪ. ದೊಡ್ಡದೈತಿ. ಆದ್ರ ನಂದೂ ಒಂದೈತಿ. ಮ್ಯಾಲ ಬಂದದ್ದ ನಿಂದು ಅಂದ್ನಲ್ಲ, ಅದು. ಶೌಕಿನ ಸಾಮಾನ ಒಯ್ದು ಧಂದೇದಾಂವನ ಕೈಯಾಗ ಕೊಟ್ಟು, ಮ್ಯಾಲ ಆಸೇನೂ ಹಚ್ಚಿದೆ.’

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಇಂದಿಗೂ ಗೌರವ.

ಮನೆಗೆ ಬಂದು ನನ್ನ ಏರುವ ಆಸ್ತಿಯನ್ನೆಲ್ಲ ಚೀಲಕ್ಕೆ ಸುರಿದೆ. ಮೂರು ವರ್ಷದ ಗಳಿಕೆ, ಚಕಚಕಾ ಹೊಳೆಯುವ ಗಳಿಕೆ. ಅಥಣಿಯ ಅದೇ ಪತ್ತಾರನ ಮುಂದೆ ಇಟ್ಟೆ. ಅವನು ಬೆಳ್ಳಿ ಬೇರೆ, ತಾಮ್ರ ಬೇರೆ ಮಾಡಿ ತೂಗಿದ. ಈ ಸಲ ಐಗಳಿಯ ಆಯಿಯ ಜಾಗದಲ್ಲಿ ನಾನು ಮುಳ್ಳಿನ ಕಡೆ ನೋಡುತ್ತ ಕೂತೆ. ಚೌಕಾಸಿ ಮಾಡಲಿಲ್ಲ. ಬಂದದ್ದಕ್ಕೆ ಇನ್ನಷ್ಟು ಸೇರಿಸಿ ಎಡಗಣ್ಣು ಮಾಡಿಸಿದೆವು, ಮಿರಜಿನಲ್ಲೇ. ಅದು ಬಂತು. ಆದರೆ ನಲವತ್ತು ವರ್ಷ ಬಲಗಣ್ಣಿನಲ್ಲಿ ಕೂತ ಭಿಂಗ ಎಡಗಣ್ಣಿಗೆ ಒಗ್ಗಲಿಲ್ಲ. ಚಿಮಟ ಹಿಡಿದ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಆಮೇಲೆ ಅವನು ಕೈಗಡಿಯಾರ ಮುಟ್ಟಲಿಲ್ಲ. ಗೋಡೆ ಗಡಿಯಾರ, ಅಲಾರಾಂ ಗಡಿಯಾರ, ಅಷ್ಟೇ. ಉಳಿದ ನಾಣ್ಯಗಳ ಡಬ್ಬಿ ಮಾತ್ರ ದಿನಾ ಬಿಚ್ಚುತ್ತಿದ್ದ. ನಾನು ಹೋದರೆ ಒಂದೊಂದೇ ಪುಡಿಕೆ ತೆಗೆದು ಕತೆ ಓದುತ್ತಿದ್ದ. ನನ್ನ ಕೈಗೆ ಕೊಡುತ್ತಿರಲಿಲ್ಲ.

ಇನ್ನು ನಿಪ್ಪಾಣಿಯ ಸಾವ್ಕಾರ. ಎರಡು ವರ್ಷದ ಮೇಲೆ ಜೀಪಿನಲ್ಲಿ ಬಂದು ನನ್ನ ಚಿಕ್ಕೋಡಿ ಅಂಗಡಿಯ ಮೇಜಿನ ಮೇಲೆ ಮಖಮಲ್ಲಿನ ಗಂಟು ಕುಕ್ಕಿದ. ಮಾರಲು ಹೋದರೆ ತೂಕದ ಬೆಲೆ ಕೇಳಿದರಂತೆ.

‘ಹೊಳೀತಿದ್ವಲ್ಲೋ ಭಾಡ್ಯಾ! ಬಂಗಾರಕ್ಕಿಂತ ಜೋರ ಏರತಾವಂದಿ!’

‘ಹೊಳಪ ನೋಡಿ ತಗೊಂಡ್ರಿ ಸಾವ್ಕಾರ್ರ, ಹೊಳಪ ಇನ್ನೂ ಐತಿ. ಒಯ್ರಿ.’

ಆ ದಿನ ಬಾಯಿಬಿಟ್ಟು ಜಗಳವಾಡಿದೆವು, ರಸ್ತೆಯ ಜನ ಕೂಡುವಷ್ಟು. ಅವನ ಸಿಟ್ಟು ರೊಕ್ಕದ್ದು. ನನ್ನದು ಅವನಿಗೆ ಅರ್ಥವಾಗುವಂಥದ್ದಲ್ಲ. ಕೊನೆಗೆ ಅವನು ಕೊಟ್ಟಿದ್ದ ರೊಕ್ಕದಲ್ಲಿ ಅರ್ಧ ತಿರುಗಿ ಕೊಟ್ಟು ಕಳಿಸಿದೆ. ಐಗಳಿಯ ಆಯಿಗೆ ಕೊಡಲಾಗಲಿಲ್ಲ. ಹುಡುಕಿಕೊಂಡು ಹೋಗುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಇಷ್ಟು ಕಳೆದುಕೊಂಡವನ ಮಾತು, ಪುಕ್ಕಟೆ ಕೊಡುತ್ತಿದ್ದೇನೆ, ತೆಗೆದುಕೊಳ್ಳಿ. ನಿಮ್ಮ ಮನೆಯಲ್ಲಿ ಹಳೆಯ ನಾಣ್ಯ ಇದ್ದರೆ ನೀರೂ ಮುಟ್ಟಿಸಬೇಡಿ. ಹಬ್ಬದ ದಿನ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿ ಬೇರೆ ಮಾಡಿಕೊಳ್ಳಿ, ಅದನ್ನು ಬೇಕಾದಷ್ಟು ತಿಕ್ಕಿರಿ; ಹಳೆಯದನ್ನು ಒಣ ಕಾಗದದಲ್ಲಿ ಸುತ್ತಿಡಿ, ಅಂಚು ಹಿಡಿದು ಎತ್ತಿ. ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದನ್ನು ಕಾಗದದ ಮೇಲೆ ಬರೆದಿಡಿ. ಏರುತ್ತದೆ ಎಂದು ಯಾರಾದರೂ ಮಾರಲು ಬಂದರೆ ಒಂದೇ ಪ್ರಶ್ನೆ ಕೇಳಿ: ಇದನ್ನೇ ನಾಳೆ ನಾನು ತಂದರೆ ನೀನು ಎಷ್ಟಕ್ಕೆ ತಗೋತೀ? ಅವನ ಮುಖ ಬೇಡ, ಕಾಲು ನೋಡಿ. ರೊಕ್ಕ ಬೆಳೆಸಬೇಕೆಂದರೆ ಬ್ಯಾಂಕಿನಲ್ಲಿಡಿ, ಜಾಗ ಕೊಳ್ಳಿ, ಎಮ್ಮೆ ಕಟ್ಟಿ. ನಾಣ್ಯ ಕೊಳ್ಳುವುದಾದರೆ ನೋಡಿ ಖುಷಿಪಡಲು ಕೊಳ್ಳಿ, ಕೊಟ್ಟ ರೊಕ್ಕ ಸಿನಿಮಾ ಟಿಕೇಟಿಗೆ ಹೋಯಿತು ಎಂದುಕೊಳ್ಳಿ.

ಮಾರುವ ಮಾಲಿನ ಹಿಂದೆ ಯಾರದಾದರೂ ಔಷಧ, ಆಪರೇಶನ್ ಕಾದಿದ್ದರೆ, ಬೇಕಾದಷ್ಟು ಬಂದ ಗಳಿಗೆಗೆ ಕೈ ಕುಲುಕಿ ಎದ್ದುಬಿಡಿ. ಮೇಲಿನ ಆರು ಸಾವಿರ ಯಾರಿಗೂ ಬೇಡ.

ಯಾರಾದರೂ ತಮ್ಮ ಸಾಮಾನು ನಿಮ್ಮ ಕೈಗಿಟ್ಟು ‘ಹಂಗ ಒಯ್ಯಿ’ ಅಂದರೆ, ಎದೆ ಉಬ್ಬಿಸಿಕೊಂಡು ಹೊರಡಬೇಡಿ. ಅಲ್ಲೇ ನಿಂತು ಕೇಳಿ: ‘ಹಂಗ ಅಂದ್ರ ಹ್ಯಾಂಗ್ರಿ?’ ಅವರು ಹೇಳಿದ್ದನ್ನು ಇನ್ನೊಮ್ಮೆ ನಿಮ್ಮ ಬಾಯಿಂದ ಹೇಳಿ ತೋರಿಸಿ, ಹೌದು ಅನಿಸಿಕೊಂಡು, ಆಮೇಲೆ ಸೈಕಲ್ ಹತ್ತಿ.